ಗೆರೆಯ ಯಾವ ಬದಿ? ಗ್ರಾಫಿಂಗ್ ಕ್ಯಾಲ್ಕುಲೇಟರಿನಲ್ಲಿ ಅಸಮತೆಗಳು

ಡಲ್ಲಾಸ್ ಸಮೀಪದಲ್ಲಿ ಕನ್ನಡ ಕುಟುಂಬಗಳ ಮಕ್ಕಳಿಗೆ ನಾನು ಬೀಜಗಣಿತ ಹೇಳಿಕೊಡುತ್ತೇನೆ. ಪಿಯುಸಿಯಲ್ಲಿ ರೇಖಾತ್ಮಕ ಅಸಮತೆಗಳನ್ನು, ಅಂದರೆ ಸಮಚಿಹ್ನೆಯ ಬದಲು ‘ಕಡಿಮೆ’, ‘ಹೆಚ್ಚು’ ಚಿಹ್ನೆಗಳಿರುವ ಲೆಕ್ಕಗಳನ್ನು, ಗ್ರಾಫ್ ಹಾಳೆ, ಸ್ಕೇಲು, ಪೆನ್ಸಿಲ್ಲು ಹಿಡಿದು ಕಲಿತವಳು ನಾನು. ಇಲ್ಲಿನ ಮಕ್ಕಳ ಚೀಲದಲ್ಲಿ ಟಿಐ-84 ಪ್ಲಸ್ ಎಂಬ ಗ್ರಾಫಿಂಗ್ ಕ್ಯಾಲ್ಕುಲೇಟರ್ ಇರುತ್ತದೆ. ಸಮೀಕರಣ ಬರೆಯುವ ಅದರ ‘ವೈ=’ ಪರದೆ ತೆರೆಯುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಇದು ಎಳೆಯುವುದು ಸಮೀಕರಣದ ಗೆರೆಯನ್ನು. ಉತ್ತರದ ಬಿಂದುಗಳಿರುವ ಬದಿಯನ್ನು ತೋರಿಸುವ ಛಾಯೆ ಯಾವ ಬದಿಗೆ ಎಂಬುದನ್ನು ನೀವೇ ತೀರ್ಮಾನಿಸಬೇಕು.

2ಎಕ್ಸ್ − 3ವೈ < 6 ಎಂಬುದನ್ನೇ ತೆಗೆದುಕೊಳ್ಳಿ. ಯಂತ್ರಕ್ಕೆ ಕೊಡಬೇಕಾದರೆ ಎಡಗಡೆ ವೈ ಒಂದೇ ಉಳಿಯಬೇಕು. −3ರಿಂದ ಭಾಗಿಸಿದಾಗ ಚಿಹ್ನೆ ತಿರುಗಿ ವೈ > (2/3)ಎಕ್ಸ್ − 2 ಆಗುತ್ತದೆ. ಇಷ್ಟಾದರೂ ಕೀಲಿ ಮುಟ್ಟಲು ಬಿಡುವುದಿಲ್ಲ. ಮೂಲಬಿಂದುವನ್ನು, ಅಂದರೆ (0, 0)ಯನ್ನು, ಮೊದಲಿನ ಅಸಮತೆಗೇ ಹಾಕಿ ನೋಡಿಸುತ್ತೇನೆ: 0 < 6, ಸರಿ. ಗೆರೆ ವೈ ಅಕ್ಷವನ್ನು −2ರಲ್ಲಿ ಕತ್ತರಿಸುತ್ತದೆ, ಮೂಲಬಿಂದು ಅದಕ್ಕಿಂತ ಮೇಲಿದೆ. ಹಾಗಾದರೆ ಛಾಯೆ ಮೇಲ್ಬದಿಗೆ. ಚಿಹ್ನೆ ತಿರುಗಿಸಲು ಮರೆತವರಿಗೆ ಎರಡು ಉತ್ತರಗಳು ಇಲ್ಲಿ ತಾಳೆಯಾಗುವುದಿಲ್ಲ. ತಪ್ಪು ತಾನಾಗಿ ಗೊತ್ತಾಗುತ್ತದೆ.

ಆಮೇಲಿನ ಕೆಲಸ ಸುಲಭ. ವೈ1ರಲ್ಲಿ (2/3)ಎಕ್ಸ್ − 2 ಬರೆದು, ಕರ್ಸರನ್ನು ಅದರ ಎಡತುದಿಯ ಪುಟ್ಟ ಗೆರೆಗೆ ಒಯ್ದು, ಮೇಲ್ಬದಿ ತುಂಬುವ ತ್ರಿಕೋನ ಕಾಣುವವರೆಗೆ ಎಂಟರ್ ಒತ್ತಬೇಕು. ಬಣ್ಣದ ಪರದೆಯ ಸಿಇ ಮಾದರಿಯಲ್ಲಿ ಎಂಟರ್ ಒತ್ತಿದರೆ ಆಯ್ಕೆಗಳ ಚೌಕ ತೆರೆಯುತ್ತದೆ. ಋಣಚಿಹ್ನೆಗೂ ಕಳೆಯುವುದಕ್ಕೂ ಬೇರೆ ಬೇರೆ ಕೀಲಿಗಳಿವೆ. −3ಎಕ್ಸ್ ಎಂದು ಆರಂಭಿಸುವಾಗ ಕಳೆಯುವ ಕೀಲಿ ಒತ್ತಿದರೆ ಸಿಂಟ್ಯಾಕ್ಸ್ ದೋಷ ಬರುತ್ತದೆ. ಈ ವಿಧಾನದಲ್ಲಿ ಗಡಿಗೆರೆ ಅಖಂಡವಾಗಿಯೇ ಕಾಣುತ್ತದೆ, ಆದರೆ < ಇರುವಾಗ ಗೆರೆಯ ಮೇಲಿನ ಬಿಂದುಗಳು ಉತ್ತರಕ್ಕೆ ಸೇರುವುದಿಲ್ಲ. ಅದಕ್ಕಾಗಿ ಪುಸ್ತಕದಲ್ಲಿ ತುಂಡುಗೆರೆಯನ್ನೇ ಹಾಕಿಸುತ್ತೇನೆ.

ನನಗೆ ತುಂಬ ಇಷ್ಟವಾಗುವುದು ಹಲವು ಅಸಮತೆಗಳು ಒಟ್ಟಿಗೆ ಬರುವ ಲೆಕ್ಕ. ಎಕ್ಸ್ + ವೈ ≤ 40, 2ಎಕ್ಸ್ + ವೈ ≤ 60, ಎರಡೂ ಚರಗಳು ಸೊನ್ನೆಗಿಂತ ಕಡಿಮೆಯಿಲ್ಲ. 5ಎಕ್ಸ್ + 3ವೈ ಗರಿಷ್ಠವಾಗಬೇಕು. −10ರಿಂದ 10ರವರೆಗಿನ ಸಾಮಾನ್ಯ ಪರದೆಯಲ್ಲಿ ಇದರ ಗೆರೆಗಳು ಕಾಣುವುದೇ ಇಲ್ಲ. ವಿಂಡೋದಲ್ಲಿ ಎಕ್ಸ್ ಅನ್ನು 0ಯಿಂದ 45, ವೈ ಅನ್ನು 0ಯಿಂದ 65 ಎಂದು ಇಡುತ್ತೇನೆ. ಎರಡೂ 0ಯಿಂದ ಆರಂಭವಾಗುವುದರಿಂದ ಋಣವಲ್ಲದ ಎಂಬ ಷರತ್ತುಗಳನ್ನು ಬೇರೆಯಾಗಿ ಬರೆಯಬೇಕಿಲ್ಲ. ಇಲ್ಲಿ ಛಾಯೆಯನ್ನು ಬೇಕೆಂದೇ ತಿರುವುಮುರುವು ಮಾಡುತ್ತೇನೆ: ಬೇಡದ ಮೇಲ್ಬದಿಗಳನ್ನು ತುಂಬಿಸಿದರೆ ಬೇಕಾದ ಪ್ರದೇಶ ಖಾಲಿಯಾಗಿ ಉಳಿಯುತ್ತದೆ. ಒಂದರ ಮೇಲೊಂದು ಬಿದ್ದ ಗೀಟುಗಳ ನಡುವೆ ಉತ್ತರ ಹುಡುಕುವುದಕ್ಕಿಂತ ಇದು ಎಷ್ಟೋ ಮೇಲು.

ಸೆಕೆಂಡ್, ಟ್ರೇಸ್ ಒತ್ತಿ ಐದನೆಯ ಆಯ್ಕೆ ಹಿಡಿದರೆ ಛೇದನ ಬಿಂದು (20, 20) ಎಂದು ಸಿಗುತ್ತದೆ. ಗರಿಷ್ಠ ಬೆಲೆ ಆ ಖಾಲಿ ಪ್ರದೇಶದ ಮೂಲೆಯೊಂದರಲ್ಲಿ ಸಿಗುವುದರಿಂದ ಮೂಲೆಗಳನ್ನಷ್ಟೇ ನೋಡಿದರೆ ಸಾಕು. ಮೂಲಬಿಂದುವಿನಲ್ಲಿ 5ಎಕ್ಸ್ + 3ವೈ ಬೆಲೆ 0. ಉಳಿದ ಮೂಲೆಗಳಾದ (0, 40), (20, 20), (30, 0)ಗಳಲ್ಲಿ ಕ್ರಮವಾಗಿ 120, 160, 150. ಗರಿಷ್ಠ 160. ಈ ಗುಣಾಕಾರ, ಹೋಲಿಕೆಗಳನ್ನು ಕೈಯಲ್ಲೇ ಮಾಡಿಸುತ್ತೇನೆ.

ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಡಿಜಿಟಲ್ ಸ್ಯಾಟ್ ಪರೀಕ್ಷೆಯೊಳಗೇ ಈಗ ಡೆಸ್ಮೋಸ್ ಎಂಬ ಗ್ರಾಫಿಂಗ್ ಕ್ಯಾಲ್ಕುಲೇಟರ್ ಇದೆ. ಅದಕ್ಕೆ 2ಎಕ್ಸ್ − 3ವೈ < 6 ಎಂದು ಇದ್ದ ಹಾಗೆಯೇ ಕೊಟ್ಟರೆ ತುಂಡುಗೆರೆ, ಛಾಯೆ ಎರಡನ್ನೂ ಸರಿಯಾಗಿ ತೋರಿಸುತ್ತದೆ. ಮಕ್ಕಳು ಅದನ್ನು ಧಾರಾಳವಾಗಿ ಬಳಸಲಿ. ನನ್ನ ತರಗತಿಯಲ್ಲಿ ಮಾತ್ರ, ಯಾವ ಬದಿ ಎಂದು ಹಾಳೆಯ ಮೇಲೆ ಬರೆದಾದ ಮೇಲೆ.