ಮಡಿಕೇರಿ ಥಂಡಿಗೆ ನಾವು ಕಂಡುಕೊಂಡ ಒಲೆ

ಮಡಿಕೇರಿ ಹತ್ತಿರ ನಮ್ಮದು ಎರಡೇ ಕೋಣೆಯ ಹೆಂಚಿನ ಮನೆ. ಡಿಸೆಂಬರ್ ಚಳಿ ಹೇಗೋ ತಡೆಯಬಹುದು, ಬಿಸಿಲು ಬಿದ್ದರೆ ಹೋಗುತ್ತದೆ. ಕಾಡುವುದು ಜುಲೈ ತಿಂಗಳ ಥಂಡಿ. ವಾರಗಟ್ಟಲೆ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೂ ಬೂಷ್ಟು, ಹಾಸಿಗೆ ಮುಟ್ಟಿದರೆ ಹಸಿ ಹಸಿ.

ಮೊದಲ ಮಳೆಗಾಲಕ್ಕೆ 2000 ವ್ಯಾಟ್‌ನ ಆಯಿಲ್ ಹೀಟರ್ ತಂದೆ. ಪೂರ್ತಿ ಉರಿಸಿದರೆ ಗಂಟೆಗೆ 2 ಯೂನಿಟ್. ದಿನಕ್ಕೆ 4 ಗಂಟೆಯಂತೆ ತಿಂಗಳಿಗೆ 240 ಯೂನಿಟ್. ಬಿಲ್ಲಾದರೂ ಕಟ್ಟಬಹುದಿತ್ತು, ಆದರೆ ಗಾಳಿಮಳೆ ಜೋರಾದ ದಿನವೇ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗುತ್ತಿತ್ತು.

ಮರುವರ್ಷ ಗ್ಯಾಸ್ ಹೀಟರ್. ಕೋಣೆ ಬೇಗ ಬೆಚ್ಚಗಾಯಿತು, ಆದರೆ ಕಿಟಕಿ ಗಾಜಿನ ಮೇಲೆ ನೀರು ಇಳಿಯತೊಡಗಿತು! ಆಮೇಲೆ ಗೊತ್ತಾಯಿತು: 1 ಕೆಜಿ ಗ್ಯಾಸ್ ಉರಿದರೆ ಒಂದೂವರೆ ಲೀಟರಿಗೂ ಜಾಸ್ತಿ ನೀರು ಆವಿಯಾಗಿ ಬರುತ್ತದೆ. ಚಿಮಣಿ ಇಲ್ಲದ ಹೀಟರ್ ಅದಷ್ಟನ್ನೂ ಒಳಗೇ ಬಿಡುತ್ತದೆ. ಥಂಡಿ ಓಡಿಸಲು ಹೋಗಿ ನಾವೇ ನೀರು ತುಂಬಿಸುತ್ತಿದ್ದೆವು.

ನಡುವೆ ಒಂದು ರಾತ್ರಿ ಬಾಣಲೆಯಲ್ಲಿ ಕೆಂಡ ಇಟ್ಟು ಬಾಗಿಲು ಹಾಕಿಕೊಂಡೆವು. ಅರ್ಧ ಗಂಟೆಯಲ್ಲಿ ಇಬ್ಬರಿಗೂ ತಲೆನೋವು, ವಾಕರಿಕೆ. ಎದ್ದು ಬಾಗಿಲು ತೆರೆದದ್ದಕ್ಕೆ ಬದುಕಿದೆವು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಆ ಕೆಲಸ ಯಾರೂ ಮಾಡಬೇಡಿ.

ಕೊನೆಗೆ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಮುಚ್ಚೊಲೆ ಮಾಡಿಸಿದೆ. ಮುಂದೆ ಬಾಗಿಲು, ಕೆಳಗೆ ಗಾಳಿ ಕಿಂಡಿ, ಮೇಲೆ 5 ಇಂಚಿನ ಪೈಪು. ಪೈಪು, ಕೂಲಿ ಎಲ್ಲ ಸೇರಿ 14,000 ರೂಪಾಯಿ ಆಯಿತು. ಮೊದಲು ಪೈಪನ್ನು ಸೂರಿನ ಕೆಳಗೇ ನಿಲ್ಲಿಸಿದ್ದೆ, ಗಾಳಿ ಬೀಸಿದಾಗಲೆಲ್ಲ ಹೊಗೆ ವಾಪಸ್. ಮಾಡಿನ ನೆತ್ತಿಗಿಂತ 2 ಅಡಿ ಮೇಲಕ್ಕೆ ಎತ್ತಿ ಟೋಪಿ ಹಾಕಿಸಿದ ಮೇಲೆ ಸರಿಹೋಯಿತು. ಹೆಂಚು ತೆಗೆದ ಜಾಗಕ್ಕೆ ತಗಡು ಕೂರಿಸಿದ್ದೇವೆ. ಜೋರು ಮಳೆಗೆ ಅಲ್ಲಿ ಈಗಲೂ ಎರಡು ಹನಿ ಬೀಳುತ್ತದೆ, ಬೀಳಲಿ.

ಒಲೆಗಿಂತ ಹೆಚ್ಚು ಪಾಠ ಕಲಿಸಿದ್ದು ಸೌದೆ. ಪಕ್ಕದ ತೋಟದಲ್ಲಿ ಮಳೆಗೆ ಮುಂಚೆ ಮರ ಕಪಾತು ಮಾಡುತ್ತಾರೆ, ರೆಂಬೆ ಅಗ್ಗಕ್ಕೆ ಸಿಗುತ್ತದೆ. ಅದನ್ನೇ ತಂದು ಆ ಜುಲೈಯಲ್ಲಿ ಉರಿಸಿದೆ. ತುದಿಯಲ್ಲಿ ನೊರೆ ಬಂದು ಚುಂಯ್ ಅಂತು, ಬಿಸಿ ಮಾತ್ರ ಇಲ್ಲ. ಸೌದೆಯೊಳಗಿನ ನೀರು ಕಾಯಿಸುವುದಕ್ಕೇ ಬೆಂಕಿ ಖರ್ಚಾಗುತ್ತಿತ್ತು. ಕೆಲಸಕ್ಕೆ ಬರುವ ಅಜ್ಜ ನೋಡಿ ನಕ್ಕರು. "ಇದು ಬರೋ ವರ್ಷದ ಸೌದೆ ಅಲ್ವಾ?" ಎರಡು ತುಂಡು ತಗೊಂಡು ಒಂದಕ್ಕೊಂದು ಬಡಿದು ತೋರಿಸಿದರು. ಒಣಗಿದ್ದು ಠಣ್ ಅನ್ನುತ್ತದೆ, ಹಸಿಯದ್ದು ದಬ್.

ಈಗ ಬರೋ ವರ್ಷದ ಸೌದೆಯನ್ನು ಈ ವರ್ಷವೇ ಒಣಗಲು ಕೂಡಿಡುತ್ತೇವೆ. ಸೀಳಿ, ನೆಲ ತಾಗದಂತೆ ಕಲ್ಲಿನ ಮೇಲೆ ಪೇರಿಸಿ, ಮೇಲೆ ಮಾತ್ರ ತಗಡು. ಸಿಲ್ವರ್ ಓಕ್ ಬೇಗ ಹತ್ತಿಕೊಂಡು ಬೇಗ ಮುಗಿಯುತ್ತದೆ, ಕಿತ್ತ ಹಳೇ ಕಾಫಿ ಬುಡ ಬಹಳ ಹೊತ್ತು ಕೆಂಡ ಹಿಡಿಯುತ್ತದೆ. ಸಂಜೆಗೆ 6-7 ಕೆಜಿ ಸಾಕು. ಕಿಟಕಿ ಎರಡು ಬೆರಳು ತೆರೆದಿರುತ್ತೇವೆ. ಪೈಪಿನ ಮಸಿ ತಿಂಗಳಿಗೊಮ್ಮೆ ತೆಗೆಯಬೇಕು, ಅದು ನನ್ನ ಪಾಲಿನ ಕೆಲಸ.

ಆಯಿಲ್ ಹೀಟರ್ ಅಟ್ಟದಲ್ಲಿದೆ. ಹೊಗೆ ಅಂದರೆ ಆಗದ ನಮ್ಮತ್ತೆ ಬಂದಾಗ ಕೆಳಗಿಳಿಯುತ್ತದೆ.