ಬಲಹೀನತೆಯನ್ನು ದೇವರ ಮುಂದೆ ಇಡುವುದು: ನಾನು ಅನುಸರಿಸುವ ಕ್ರಮ

ಬೈಬಲಿನಲ್ಲಿ ಅಪೊಸ್ತಲ ಪೌಲನು ಕೊರಿಂಥದ ಸಭೆಯವರಿಗೆ ಬರೆದ ಎರಡನೆಯ ಪತ್ರಿಕೆಯ 12ನೆಯ ಅಧ್ಯಾಯದಲ್ಲಿ ಎಲ್ಲರಿಗೂ ಬಾಯಿಪಾಠವಾಗಿರುವುದು 9ನೆಯ ವಚನ: "ನನ್ನ ಕೃಪೆಯೇ ನಿನಗೆ ಸಾಕು." ಕ್ಯಾಲೆಂಡರಿನಲ್ಲೂ ಅದೇ, ಮೊಬೈಲ್ ಸ್ಟೇಟಸ್ಸಿನಲ್ಲೂ ಅದೇ. ಆದರೆ ಕೆಲಸ ಶುರುವಾಗುವುದು ಅದರ ಹಿಂದಿನ ಎರಡು ವಚನಗಳಲ್ಲಿ. 7ರಲ್ಲಿ ಪೌಲನು ತನ್ನ ಶರೀರದಲ್ಲಿ ನಾಟಿರುವ ಶೂಲದ ಮಾತೆತ್ತುತ್ತಾನೆ. 8ರಲ್ಲಿ, ಇದನ್ನು ತೆಗೆದುಬಿಡು ಎಂದು ಮೂರು ಸಾರಿ ಬೇಡಿಕೊಂಡೆ ಎನ್ನುತ್ತಾನೆ. ಬೇಡಿದ ಮೇಲೆ ಸಿಕ್ಕ ಉತ್ತರ ಅದು. ಈ ಎರಡನ್ನೂ ಹಾರಿಸಿ ನೇರ 9ಕ್ಕೆ ಬಂದವರಿಗೆ ಕೃಪೆ ಎನ್ನುವುದು ಬರೀ ಸಮಾಧಾನದ ಮಾತಾಗಿ ಉಳಿಯುತ್ತದೆ.

ಹಾಗಾಗಿ ನಾನು ಹಿಂದಿನಿಂದಲೇ ಶುರುಮಾಡುತ್ತೇನೆ. ಇದಕ್ಕೆ ಬೇಕಾದದ್ದು ಬೈಬಲ್, ಒಂದು ನೋಟ್‌ಬುಕ್, ಪೆನ್ನು, ಮತ್ತು ಬಾಯಿ ಬಿಗಿಹಿಡಿಯಬಲ್ಲ ಒಬ್ಬ ಮನುಷ್ಯ. ಈ ನಾಲ್ಕರಲ್ಲಿ ಕೊನೆಯದನ್ನು ಹುಡುಕುವುದೇ ಕಷ್ಟ.

ಮೊದಲ ಕೆಲಸ ಬರೆಯುವುದು. "ನಾನು ತುಂಬಾ ಬಲಹೀನ" ಎಂದು ಬರೆದರೆ ಉಪಯೋಗವಿಲ್ಲ. ಅದನ್ನು ಯಾರು ಬೇಕಾದರೂ ಬರೆಯಬಹುದು, ಬರೆದವರಿಗೆ ನೋವೂ ಆಗುವುದಿಲ್ಲ. "ನನಗೆ ತಾಳ್ಮೆ ಇಲ್ಲ" ಎನ್ನುವುದು ಸ್ವಲ್ಪ ವಾಸಿ, ಆದರೂ ಸಾಲದು. ಆ ಸಾಲಿಗೆ ಐದು ಪ್ರಶ್ನೆ ಹಾಕುತ್ತೇನೆ: ಯಾವಾಗ, ಎಲ್ಲಿ, ಯಾರ ಮುಂದೆ, ಆಗ ಮೈಯಲ್ಲಿ ಏನಾಗುತ್ತದೆ, ಆದ ಮೇಲೆ ನಾನೇನು ಮಾಡುತ್ತೇನೆ. ಉತ್ತರಗಳನ್ನು ಸೇರಿಸಿದರೆ ಸಾಲು ಹೀಗಾಗುತ್ತದೆ: "ಸಂಜೆ ಮನೆಗೆ ಬಂದ ಅರ್ಧ ಗಂಟೆಯೊಳಗೆ, ಹಸಿದಿರುವಾಗ, ಮನೆಯವರು ಕೇಳಿದ್ದನ್ನೇ ಮತ್ತೆ ಕೇಳಿದರೆ ಕಿವಿ ಬಿಸಿಯಾಗಿ ನನ್ನ ದನಿ ಏರುತ್ತದೆ, ಆಮೇಲೆ ಕ್ಷಮೆ ಕೇಳುವ ಬದಲು ಸುಮ್ಮನಾಗಿಬಿಡುತ್ತೇನೆ." ಇಷ್ಟಾದರೆ ಪ್ರಾರ್ಥನೆಗೆ ಒಂದು ಗುರಿ ಸಿಕ್ಕಿತು. ಒಂದು ಸಲಕ್ಕೆ ಒಂದೇ ಸಾಲು. ಪುಟ ತುಂಬ ಬರೆದವರು ಮರುದಿನ ಆ ಪುಟ ತೆರೆಯಲು ಹೆದರುತ್ತಾರೆ.

ಈಗ ಆ ಸಾಲನ್ನು ಬಿಡಿಸಬೇಕು. ಅದರಲ್ಲಿ ಒಂದಲ್ಲ, ಮೂರು ಸಂಗತಿಗಳಿವೆ. ಹಸಿವು ಶರೀರದ ಮಿತಿ. ಅದರಲ್ಲಿ ತಪ್ಪೇನೂ ಇಲ್ಲ. ದನಿ ಏರುವುದು ವರ್ಷಗಟ್ಟಲೆ ಕೂತು ಗಟ್ಟಿಯಾದ ಚಾಳಿ. ಕ್ಷಮೆ ಕೇಳದೆ ಮೌನವಾಗಿರುವುದು ಪಾಪ, ಹೆಮ್ಮೆಯ ಪಾಪ. ಮೂರಕ್ಕೂ ಮದ್ದು ಬೇರೆ ಬೇರೆ. ಪಾಪವಾದರೆ ಯೋಹಾನನ ಮೊದಲನೆಯ ಪತ್ರಿಕೆ 1:9 ಹೇಳುವ ಹಾಗೆ ಅರಿಕೆಮಾಡಿ ಕ್ಷಮೆ ಪಡೆಯುವುದು. ಮಿತಿಯಾದರೆ ಇಬ್ರಿಯರಿಗೆ 4:15: ನಮ್ಮ ಬಲಹೀನತೆಗಳಲ್ಲಿ ಮರುಗುವ ಮಹಾಯಾಜಕನಿದ್ದಾನೆ, ಆತನೇ ಯೇಸು; ಆತನು ಎಲ್ಲ ವಿಷಯದಲ್ಲಿ ನಮ್ಮ ಹಾಗೆ ಶೋಧನೆಗೆ ಒಳಗಾದರೂ ಪಾಪರಹಿತನು. ಬಲಹೀನತೆಯೂ ಪಾಪವೂ ಒಂದೇ ಅಲ್ಲ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ವಚನ ನನಗೆ ಸಿಕ್ಕಿಲ್ಲ. ಚಾಳಿಗೆ ಬೇಕಾದ ಏರ್ಪಾಡಿನ ಮಾತು ಮುಂದೆ ಬರುತ್ತದೆ.

ಇಲ್ಲಿ ಎರಡು ದಿಕ್ಕಿನಲ್ಲಿ ಜನ ಎಡವುತ್ತಾರೆ. ಕೆಲವರು ದಣಿವಿಗೂ ಕಾಯಿಲೆಗೂ ತೊದಲುವಿಕೆಗೂ ಕ್ಷಮೆ ಕೇಳುತ್ತಲೇ ಇರುತ್ತಾರೆ. ಕ್ಷಮಿಸಲು ಅಲ್ಲಿ ಏನೂ ಇಲ್ಲದ್ದರಿಂದ ಕ್ಷಮೆ ಸಿಕ್ಕಿತೆಂಬ ನೆಮ್ಮದಿಯೂ ಬರುವುದಿಲ್ಲ, ಅಪರಾಧಭಾವ ಮಾತ್ರ ಬೆಳೆಯುತ್ತದೆ. ಇನ್ನು ಕೆಲವರು ಪಾಪಕ್ಕೆ ಬಲಹೀನತೆ ಎಂದು ಹೆಸರಿಟ್ಟು "ನನ್ನ ಸ್ವಭಾವವೇ ಹೀಗೆ, ದೇವರಿಗೆ ಗೊತ್ತು" ಎಂದು ಕೈತೊಳೆದುಕೊಳ್ಳುತ್ತಾರೆ. ಎರಡನೆಯವರ ಮನೆಮಂದಿಯ ಪಾಡು ಹೇಳುವುದು ಬೇಡ.

ಮುಂದೆ ಬೇಡಿಕೆ. ಇದಕ್ಕೆ ನಾನು ಹಿಡಿದಿರುವ ಅಚ್ಚು 13ನೆಯ ಕೀರ್ತನೆ. ಆರೇ ವಚನ. ಮೊದಲೆರಡು ದೂರು, ಅದೂ "ಎಷ್ಟರವರೆಗೆ" ಎಂದು ನಾಲ್ಕು ಸಲ ಕೂಗುವ ದೂರು. ನಡುವಿನ ಎರಡು ಬೇಡಿಕೆ. ಕೊನೆಯೆರಡು ಭರವಸೆ. ನನ್ನ ಪ್ರಾರ್ಥನೆಯನ್ನೂ ಇದೇ ಅಳತೆಯಲ್ಲಿ ಬರೆಯುತ್ತೇನೆ: ಎರಡು ವಾಕ್ಯ ದೂರು, ಎರಡು ವಾಕ್ಯ ಬೇಡಿಕೆ, ಎರಡು ವಾಕ್ಯ ಭರವಸೆ. ಬರೆದಿಟ್ಟ ಬಲಹೀನತೆಯ ಸಾಲು ದೂರಿನೊಳಗೆ ಹಾಗೆಯೇ ಬರಬೇಕು. "ಕರ್ತನೇ, ನಿನಗೆ ಎಲ್ಲವೂ ತಿಳಿದಿದೆ" ಎಂದು ತೇಲಿಸಬಾರದು. ಬೆಳಿಗ್ಗೆ ಹತ್ತು ನಿಮಿಷ ಸಾಕು, ಬಾಯಿಬಿಟ್ಟು ಓದಬೇಕು. ಮನಸ್ಸಿನಲ್ಲೇ ಓದಿದರೆ ದೂರು ಬೇಗ ಮೆತ್ತಗಾಗುತ್ತದೆ.

"ನಿನ್ನ ಚಿತ್ತದಂತೆ ಆಗಲಿ" ಎಂಬ ಮಾತು ಎಲ್ಲಿ ಬರಬೇಕು ಎನ್ನುವುದು ಮುಖ್ಯ. ಶಿಲುಬೆಯ ಹಿಂದಿನ ರಾತ್ರಿ ಗೆತ್ಸೇಮನೆ ಎಂಬ ತೋಟದಲ್ಲಿ ಯೇಸು ಮೊದಲು ಈ ಪಾತ್ರೆಯನ್ನು, ಎಂದರೆ ಬರಲಿರುವ ಸಂಕಟವನ್ನು, ತೊಲಗಿಸು ಎಂದು ನೇರವಾಗಿ ಕೇಳಿದನು. ತಂದೆಯ ಚಿತ್ತದ ಮಾತು ಬಂದದ್ದು ಅದರ ನಂತರ (ಮಾರ್ಕ 14:36). ಕೇಳುವುದಕ್ಕೆ ಮೊದಲೇ ಚಿತ್ತಕ್ಕೆ ಒಪ್ಪಿಸಿಬಿಟ್ಟರೆ ಎಷ್ಟೋ ಸಲ ಅದು ಭಕ್ತಿಯಲ್ಲ, ಸಿಗದಿದ್ದರೆ ನಿರಾಶೆಯಾದೀತೆಂಬ ಭಯ. ಸಭೆಯ ಪ್ರಾರ್ಥನೆಗಳಲ್ಲೂ ಈ ಜಾಣತನ ಬಹಳ ಕೇಳಿಬರುತ್ತದೆ.

ಎಷ್ಟು ದಿನ ಕೇಳುವುದು? ಪೌಲನ ಮೂರು ಸಾರಿ ಎನ್ನುವುದನ್ನು ಲೆಕ್ಕವಾಗಿ ನಾನು ತೆಗೆದುಕೊಳ್ಳುವುದಿಲ್ಲ. ಅವನ ಬೇಡಿಕೆಗೆ ಒಂದು ಮೊದಲಿತ್ತು, ಒಂದು ಕೊನೆಯಿತ್ತು; ನನಗೆ ಬೇಕಾದದ್ದು ಅಷ್ಟೇ. ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಒಂದು ಕರ್ತನ ಭೋಜನದಿಂದ ಮುಂದಿನ ಕರ್ತನ ಭೋಜನದವರೆಗೆ ಎಂದು ಗಡುವು ಹಾಕಿಕೊಳ್ಳುತ್ತೇನೆ. ಅಷ್ಟರಲ್ಲಿ ಶೂಲ ಹೋದರೆ ಸ್ತೋತ್ರ. ಹೋಗದಿದ್ದರೆ ಪ್ರಶ್ನೆಯನ್ನೇ ಬದಲಿಸುತ್ತೇನೆ: "ತೆಗೆದುಬಿಡು" ಎನ್ನುವ ಜಾಗದಲ್ಲಿ "ಇದು ಇರುವಾಗಲೇ ಇವತ್ತಿನ ಕೆಲಸ ಹೇಗೆ ಮಾಡಲಿ?" ಆಮೇಲೂ ಬಿಡುಗಡೆಗಾಗಿ ಬೇಡಬಾರದೆಂದಲ್ಲ, ಬಿಡುಗಡೆ ಬರುವ ತನಕ ಬದುಕನ್ನು ತಡೆಹಿಡಿಯಬಾರದು. ಗಡುವಿಲ್ಲದೆ ಕೇಳುತ್ತಾ ಹೋದವರಿಗೆ ಕೊನೆಗೆ ಯಾರಾದರೂ ಬಂದು "ನಿನಗೆ ನಂಬಿಕೆ ಸಾಲದು" ಎನ್ನುತ್ತಾರೆ. ಶೂಲ ಹೋಗದೇ ಉಳಿದದ್ದು ಅಪೊಸ್ತಲನಿಗೆ ಎನ್ನುವುದನ್ನು ಆಗ ನೆನಪಿಸಬೇಕು.

ದೇವರೇ, ಈ ಶೂಲವನ್ನು ಏಕೆ ಕೊಟ್ಟೆ ಎಂಬ ಕಾರಣವನ್ನು ನಾನು ಅಗೆಯುವುದಿಲ್ಲ. ತಾನು ಉಬ್ಬಿಹೋಗದಂತೆ ಎಂಬ ಕಾರಣ ಪೌಲನಿಗೆ ತಿಳಿಯಿತು. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನಿಗೆ ಕೊನೆಯ ತನಕ ಯಾರೂ ಹೇಳಲಿಲ್ಲ.

ಶರೀರದ ವಿಷಯ ಚಿಕ್ಕದಾಗಿ. ಅರಸುಗಳು ಮೊದಲನೆಯ ಭಾಗ 19ರಲ್ಲಿ ಪ್ರವಾದಿ ಎಲೀಯನು ಸಾವನ್ನೇ ಬೇಡಿ ಗಿಡದ ಕೆಳಗೆ ಮಲಗಿದಾಗ ದೇವದೂತನು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು, ನಿದ್ದೆ, ಮತ್ತೆ ರೊಟ್ಟಿ, ನೀರು. ದೇವರ ಮಾತು ಬಂದದ್ದು ಅದೆಲ್ಲ ಆದ ಮೇಲೆ. ಅದಕ್ಕೇ ಯಾವ ಸಾಲನ್ನೂ ಪ್ರಾರ್ಥನೆಗೆ ತರುವ ಮೊದಲು ನಿದ್ದೆ, ಊಟ, ಔಷಧಿ ಈ ಮೂರನ್ನು ನೋಡುತ್ತೇನೆ. ತನ್ನ ಜೊತೆಕೆಲಸಗಾರ ತಿಮೊಥೆಯನ ಹೊಟ್ಟೆಯ ತೊಂದರೆಗೆ ಪೌಲನು ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದನು, ಇನ್ನೊಬ್ಬ ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟುಬಂದನು. ಖಿನ್ನತೆಯೋ ವ್ಯಸನವೋ ಸಾಯುವ ಯೋಚನೆಯೋ ಇದ್ದರೆ ಅದೇ ದಿನ ಡಾಕ್ಟರನ್ನು ಕಾಣಬೇಕು. ಪ್ರಾರ್ಥನೆ ಆ ದಾರಿಯಲ್ಲೂ ಮಾಡಬಹುದು.

ಇನ್ನು ಬಲ ಬರುವುದು ಹೇಗೆ ಎನ್ನುವ ಭಾಗ. ತುಂಬಾ ಜನ ಕಾಯುವುದು ಒಂದು ಅನಿಸಿಕೆಗಾಗಿ: ಎದೆ ಹಗುರಾಗಬೇಕು, ಧೈರ್ಯ ಉಕ್ಕಬೇಕು. ಕೊರಿಂಥದಲ್ಲಿ ಪೌಲನು ಬಲಹೀನನಾಗಿ, ಭಯಪಡುತ್ತಾ, ಬಹಳ ನಡುಗುತ್ತಾ ಇದ್ದನು (ಕೊರಿಂಥದವರಿಗೆ ಮೊದಲನೆಯ ಪತ್ರಿಕೆ 2:3). ನಡುಕ ನಿಂತ ಮೇಲೆ ಸಾರಲಿಲ್ಲ, ನಡುಗುತ್ತಲೇ ಸಾರಿದನು. ಸಭೆ ಹುಟ್ಟಿದ್ದು ಹಾಗೆ. ಬಲದ ಗುರುತು ಕೆಲಸದಲ್ಲಿ ಸಿಗುತ್ತದೆ, ಬಹಳ ಸಲ ಕೆಲಸ ಮುಗಿದ ಮೇಲೆ ಹಿಂದಿರುಗಿ ನೋಡಿದಾಗ. ಆದ್ದರಿಂದ ಕಷ್ಟದ ಗಳಿಗೆಗೆ ಮೊದಲು ನಾನು ಹೇಳುವ ಪ್ರಾರ್ಥನೆ ಮೂರೇ ವಾಕ್ಯ: "ಕರ್ತನೇ, ಇದು ನನ್ನಿಂದ ಆಗದು. ನಿನ್ನ ಕೃಪೆ ಸಾಕೆಂದು ಹೇಳಿದ್ದೀ. ಈಗ ಆಡುವ ಒಂದು ಮಾತಿಗೆ ಬಲ ಕೊಡು." ಇಡೀ ವಾರಕ್ಕೆ ಬಲ ಕೇಳುವುದಿಲ್ಲ. ಅರಣ್ಯದಲ್ಲಿ ದೇವರು ದಿನದಿನಕ್ಕೆ ಕೊಟ್ಟ ಆಹಾರವಾದ ಮನ್ನವನ್ನು ಮರುದಿನಕ್ಕೆ ಇಟ್ಟುಕೊಂಡಾಗ ಹುಳ ಬಿದ್ದದ್ದು ವಿಮೋಚನಕಾಂಡ 16ರಲ್ಲಿದೆ.

ಬರೀ ಪ್ರಾರ್ಥನೆಯಲ್ಲೇ ನಿಲ್ಲಬಾರದು, ಏರ್ಪಾಡೂ ಆಗಬೇಕು. ತನ್ನದು ತಡೆಯುವ ನಾಲಿಗೆ ಎಂದು ಮೋಶೆ ಹೇಳಿದಾಗ ದೇವರು ನಾಲಿಗೆ ರಿಪೇರಿ ಮಾಡಲಿಲ್ಲ, ಆರೋನನನ್ನು ಜೊತೆಗೆ ಕೊಟ್ಟನು. ಅಮಾಲೇಕ್ಯರೊಡನೆ ಯುದ್ಧವಾದ ದಿನ ಮೋಶೆಯ ಕೈ ಸೋತಾಗ ಮಾಡಿದ್ದನ್ನು ಗಮನಿಸಿ: ಮೊದಲು ಕೂರಲು ಒಂದು ಕಲ್ಲು, ಆಮೇಲೆ ಆಚೆಗೊಬ್ಬ ಈಚೆಗೊಬ್ಬ ಕೈಗೆ ಆನಿಕೆ, ಸೂರ್ಯ ಮುಳುಗುವ ತನಕ (ವಿಮೋಚನಕಾಂಡ 17:12). ಕೈ ಸೋಲದಂತೆ ದೇವರು ಮಾಡಬಹುದಿತ್ತು. ಆರೋನ ಮತ್ತು ಹೂರರ ತೋಳಿನಿಂದ ಮಾಡಿಸಿದನು. ಮೇಲೆ ಬರೆದ ಸಂಜೆಯ ಸಾಲಿಗೆ ನನ್ನ ಕಲ್ಲು ಎಂದರೆ, ಬಂದ ಕೂಡಲೇ ಏನಾದರೂ ತಿನ್ನುವುದು. ಆನಿಕೆ ಎಂದರೆ "ನನಗೆ ಹತ್ತು ನಿಮಿಷ ಕೊಡಿ" ಎಂದು ಮನೆಯವರಿಗೆ ಮೊದಲೇ ಹೇಳಿಟ್ಟಿರುವುದು. ಅಷ್ಟಾದರೂ ದನಿ ಏರಿದರೆ ಮಲಗುವುದರೊಳಗೆ ಹೆಸರು ಹಿಡಿದು ಕ್ಷಮೆ ಕೇಳುವುದು, "ಆದರೆ" ಎನ್ನುವ ಪದವಿಲ್ಲದೆ.

ಕಡಿಮೆ ಮಾಡುವುದೂ ಏರ್ಪಾಡೇ. ಯುದ್ಧಕ್ಕೆ ಹೊರಟ ಗಿದ್ಯೋನನ ಹತ್ತಿರ 32,000 ಜನರಿದ್ದರು. 22,000 ಮಂದಿ ಹಿಂದಿರುಗಿದರು, ಉಳಿದ 10,000ದಲ್ಲಿ ದೇವರು 300 ಜನರನ್ನು ಮಾತ್ರ ಇಟ್ಟುಕೊಂಡನು. ನಮ್ಮ ಕೈಯೇ ನಮ್ಮನ್ನು ರಕ್ಷಿಸಿತು ಎಂದು ಇಸ್ರಾಯೇಲ್ಯರು ಕೊಚ್ಚಿಕೊಳ್ಳದಿರಲಿ ಎಂದು (ನ್ಯಾಯಸ್ಥಾಪಕರು 7:2). ಸಭೆಯಲ್ಲಿ ನಾಲ್ಕು ಜವಾಬ್ದಾರಿ ಹೊತ್ತು ನಾಲ್ಕರಲ್ಲೂ ಸೋಲುತ್ತಿರುವವರಿಗೆ ಹೆಚ್ಚು ಬಲಕ್ಕಾಗಿ ಬೇಡುವುದಕ್ಕಿಂತ ಮೂರನ್ನು ಬಿಟ್ಟುಕೊಡುವುದು ಒಳ್ಳೆಯ ಪ್ರಾರ್ಥನೆ.

ಆ ಒಬ್ಬ ಮನುಷ್ಯನ ವಿಷಯಕ್ಕೆ ಬರೋಣ. ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆಮಾಡಿ ಪ್ರಾರ್ಥಿಸಿ ಎಂದು ಯಾಕೋಬ 5:16 ಹೇಳುತ್ತದೆ. ಮೈಕಿನ ಮುಂದೆ ಹೇಳಿ ಎಂದಲ್ಲ. ಆರಿಸುವಾಗ ನಾನು ನೋಡುವುದು: ಬೇರೆಯವರ ಗುಟ್ಟನ್ನು ಪ್ರಾರ್ಥನಾ ವಿಷಯದ ನೆಪದಲ್ಲಿ ಹೇಳುವ ಅಭ್ಯಾಸ ಇರಬಾರದು, ನನ್ನ ಸಂಬಳವೋ ಸ್ಥಾನವೋ ಅವರ ಕೈಯಲ್ಲಿರಬಾರದು, ನನ್ನಂತೆಯೇ ಗಂಡಸಾದರೆ ಗಂಡಸು, ಹೆಂಗಸಾದರೆ ಹೆಂಗಸು ಆಗಿದ್ದರೆ ಒಳ್ಳೆಯದು. ವಾರಕ್ಕೊಮ್ಮೆ ಇಪ್ಪತ್ತು ನಿಮಿಷ. ಪ್ರಶ್ನೆ ಮೂರೇ: ಆ ಸಾಲು ಈ ವಾರ ಹೇಗಿತ್ತು, ಕ್ಷಮೆ ಕೇಳಬೇಕಾದವರಲ್ಲಿ ಕೇಳಿದಿರಾ, ಸರಿಯಾಗಿ ಮಲಗಿದಿರಾ. ಆಮೇಲೆ ಒಬ್ಬರಿಗಾಗಿ ಇನ್ನೊಬ್ಬರು ಪ್ರಾರ್ಥಿಸಿ ಎದ್ದುಬಿಡಬೇಕು. ಮಾತು ಒಂದು ಗಂಟೆ ದಾಟಿತೆಂದರೆ ಬಲಹೀನತೆ ಹಿಂದೆ ಸರಿದು ಊರ ಸುದ್ದಿ ಮುಂದೆ ಬಂದಿರುತ್ತದೆ.

ಈ ಉಪದೇಶವನ್ನು ತಪ್ಪಾಗಿ ಬಳಸುವವರಿದ್ದಾರೆ, ಅದನ್ನು ಹೇಳದೆ ಮುಂದೆ ಹೋಗಲಾಗದು. ಹೊಡೆತ ತಿನ್ನುವ ಹೆಂಡತಿಗೆ, ದುಡಿಸಿಕೊಂಡು ಕೂಲಿ ಕೊಡದ ಕಡೆ ಇರುವವರಿಗೆ "ಬಲಹೀನತೆಯಲ್ಲೇ ಬಲ, ತಾಳಿಕೋ" ಎನ್ನುವುದು ವಾಕ್ಯವನ್ನು ತಿರುಚುವುದು. ಇನ್ನೊಬ್ಬರು ಮಾಡುವ ಅನ್ಯಾಯ ನಿಮ್ಮ ಬಲಹೀನತೆಯ ಪಟ್ಟಿಯಲ್ಲಿ ಬರುವುದೇ ಇಲ್ಲ. ನನ್ನ ಬಲಹೀನತೆಯಲ್ಲೇ ಹೆಚ್ಚಳಪಡುವೆನು ಎಂದ ಪೌಲನೇ, ಅದೇ ಪತ್ರಿಕೆಯ 11ನೆಯ ಅಧ್ಯಾಯದ ಕೊನೆಯಲ್ಲಿ, ದಮಸ್ಕದ ಗೋಡೆಯಿಂದ ಬುಟ್ಟಿಯಲ್ಲಿ ಇಳಿದು ತಪ್ಪಿಸಿಕೊಂಡದ್ದನ್ನು ಬರೆದಿದ್ದಾನೆ. ಕೊರಡೆಯ ಏಟಿಗೆ ಕಟ್ಟಿದಾಗ ತಾನು ರೋಮ್ ಪೌರನೆಂದು ಕಾನೂನು ಕೇಳಿದ್ದಾನೆ (ಅಪೊಸ್ತಲರ ಕೃತ್ಯಗಳು 22:25). ತಪ್ಪಿಸಿಕೊಳ್ಳಬಹುದಾದ ಏಟನ್ನು ಅವನು ಕೃಪೆಯ ಲೆಕ್ಕಕ್ಕೆ ಹಾಕಲಿಲ್ಲ.

ಇನ್ನೊಂದು ತಪ್ಪು ನಯವಾದದ್ದು: ಬಲಹೀನತೆಯನ್ನೇ ಮೆರೆಸುವುದು. ಸಾಕ್ಷಿ ಹೇಳುವಾಗ ಬಿದ್ದ ಕಥೆ ಇಪ್ಪತ್ತು ನಿಮಿಷ, ಕರ್ತನ ಹೆಸರು ಕೊನೆಗೆ ಒಂದು ನಿಮಿಷ. ನಾನು ಅಳತೆ ತಿರುಗಿಸುತ್ತೇನೆ, ಮನೆಯವರ ಹೆಸರು ಬರುವಂತಿದ್ದರೆ ಮೊದಲು ಅವರ ಒಪ್ಪಿಗೆ ಕೇಳುತ್ತೇನೆ, ಇನ್ನೂ ರಕ್ತ ಒಸರುತ್ತಿರುವ ಗಾಯವನ್ನು ವೇದಿಕೆಗೆ ತರುವುದಿಲ್ಲ.

ಕೆಲವು ದಿನ ಈ ಕ್ರಮದಲ್ಲಿ ಯಾವುದೂ ನಡೆಯುವುದಿಲ್ಲ. ಭರವಸೆಯ ಎರಡು ವಾಕ್ಯ ಬಾಯಿಗೆ ಬರುವುದಿಲ್ಲ. ಆ ದಿನಗಳಿಗೆ 88ನೆಯ ಕೀರ್ತನೆ ಇದೆ. ಅದು ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೆ ಸ್ತೋತ್ರವಿಲ್ಲ. ಹಾಗಿದ್ದರೂ ಬೈಬಲಿನಲ್ಲಿ ಉಳಿದುಕೊಂಡಿದೆ. ಅದನ್ನು ಪೂರ್ತಿ ಓದಿ ಪುಸ್ತಕ ಮುಚ್ಚುತ್ತೇನೆ. ಬಲವಂತದ ಹಲ್ಲೆಲೂಯ ಸೇರಿಸುವುದಿಲ್ಲ. ಅದೂ ಆಗದಿದ್ದರೆ, ಮಾತಿಲ್ಲದ ನರಳಾಟವನ್ನು ಪವಿತ್ರಾತ್ಮನು ತಾನೇ ದೇವರಿಗೆ ಮುಟ್ಟಿಸುತ್ತಾನೆ ಎನ್ನುವ ರೋಮಾಪುರದವರಿಗೆ 8:26ರ ಮೇಲೆ ಭಾರ ಹಾಕಿ ಮಲಗುವುದು.

ಇದೇ ಬಲಹೀನತೆಯಿರುವ ಇನ್ನೊಬ್ಬರು ಹುಡುಕಿಕೊಂಡು ಬರುವುದು ಸಾಮಾನ್ಯ. "ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು" ಎಂದು ಯೇಸು ತನ್ನ ಶಿಷ್ಯ ಪೇತ್ರನಿಗೆ ಹೇಳಿದ್ದು ಅವನು ಬೀಳುವ ಮೊದಲೇ, ಎಂದರೆ ಯೇಸುವನ್ನು ಅರಿಯೆನೆನ್ನುವ ಮೊದಲೇ (ಲೂಕ 22:32). ಮೊದಲ ಭೇಟಿಯಲ್ಲಿ ನಾನು ವಚನ ಹೇಳುವುದಿಲ್ಲ, ಕೇಳುತ್ತೇನೆ. ಯೋಬನ ಗೆಳೆಯರು ಏಳು ದಿನ ಸುಮ್ಮನೆ ಕೂತಿದ್ದ ತನಕ ಒಳ್ಳೆಯ ಗೆಳೆಯರೇ. ಕೆಟ್ಟದ್ದು ಬಾಯಿ ತೆರೆದ ಮೇಲೆ. ನನ್ನ ಹತ್ತಿರ ಬಂದವರು ಹೇಳಿಕೊಂಡದ್ದರಲ್ಲಿ ಒಂದೇ ಒಂದು ಸಾಲನ್ನು ಅವರ ಕೈಯಲ್ಲೇ ಬರೆಸುತ್ತೇನೆ, ಐದು ಪ್ರಶ್ನೆ ಹಾಕಲು ಮುಂದಿನ ವಾರಕ್ಕೆ ದಿನ, ಹೊತ್ತು ಗೊತ್ತುಮಾಡಿ ಕಳಿಸುತ್ತೇನೆ. ಆ ಕಾಗದ ಅವರ ಹತ್ತಿರವೇ ಇರುತ್ತದೆ, ನನ್ನ ಹತ್ತಿರ ನಕಲು ಇಟ್ಟುಕೊಳ್ಳುವುದಿಲ್ಲ.