ಹಳೇ ವರ್ಷನ್ನೇ ಸಂಬಳ ಕೊಟ್ಟಿತು

"ಹಳೇ ವರ್ಷನ್‌ಗೆ ಯಾರಯ್ಯಾ ದುಡ್ಡು ಕೊಡ್ತಾರೆ?" ಕೆಲಸ ಬಿಡ್ತೀನಿ ಅಂದಾಗ ನನ್ನ ಟೀಮ್ ಲೀಡ್ ಕೇಳಿದ್ದು ಇದನ್ನೇ. ಎಲ್ಲರೂ ಉಚಿತವಾಗಿ ಬಳಸಿ ತಿದ್ದಬಹುದಾದ ಓಪನ್ ಸೋರ್ಸ್‌ನಲ್ಲೇ ಹತ್ತು ವರ್ಷ ಕಳೆದ ಗೆಳೆಯನೂ ನಕ್ಕಿದ್ದ. ನಾನು ಉಚಿತವಾಗಿ ಬಿಟ್ಟ ಸಾಫ್ಟ್‌ವೇರಿನ ಹಳೇ ವರ್ಷನ್‌ಗೆ ಈಗ ಹನ್ನೊಂದು ಕಂಪನಿಗಳು ದುಡ್ಡು ಕೊಡುತ್ತಿವೆ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಜಂಬ ಕಂಡರೆ ಸಹಿಸಿಕೊಳ್ಳಿ.

ನನ್ನದು ಎಕ್ಸೆಲ್ ಫೈಲ್ ಓದುವ ಪೈಥಾನ್ ಲೈಬ್ರರಿ, ಅಂದರೆ ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರು ತಮ್ಮದಕ್ಕೆ ಸೇರಿಸಿಕೊಳ್ಳುವ ಸಿದ್ಧ ಕೋಡ್. ನಾಲ್ಕು ಜನರ ಮುಂದೆ ತೋರಿಸಿಕೊಳ್ಳುವಂಥದ್ದೇನೂ ಅಲ್ಲ. 2013ರ ಸುಮಾರಿಗೆ ಆಫೀಸಿನ ಒಂದು ರಿಪೋರ್ಟಿಗಾಗಿ ಬರೆದಿದ್ದೆ. ಮ್ಯಾನೇಜರ್ ಹತ್ತಿರ ಬರಹದಲ್ಲಿ ಒಪ್ಪಿಗೆ ಪಡೆದು, ಬಹುತೇಕ ಹೇಗೆ ಬೇಕಾದರೂ ಬಳಸಿಕೊಳ್ಳಿ ಅನ್ನುವ ಎಂಐಟಿ ಲೈಸೆನ್ಸ್‌ನಲ್ಲಿ ಹೊರಗೆ ಬಿಟ್ಟೆ. ಅದರ ಅರ್ಧ ಕೋಡ್ ತಾರೀಖಿನ ಗೋಳಿಗೇ ಹೋಗಿದೆ. ಎಕ್ಸೆಲ್ ತಾರೀಖನ್ನು ದಿನಗಳ ಎಣಿಕೆಯಾಗಿ ಇಡುತ್ತದೆ, ಅದರ ಪ್ರಕಾರ 1900 ಅಧಿಕ ವರ್ಷ. ಲೋಕದಲ್ಲಿ ಇಲ್ಲದ ಆ ಫೆಬ್ರವರಿ 29 ಅದರಲ್ಲಿ ಇದೆ, ನಂಬರ್ 60. ಹಳೇ ಸ್ಪ್ರೆಡ್‌ಶೀಟ್ ಲೋಟಸ್ 1-2-3ರ ಜೊತೆ ಹೊಂದಬೇಕು ಅಂತ ಅದರ ತಪ್ಪನ್ನೂ ಹಾಗೇ ಉಳಿಸಿಕೊಂಡರು. ಹಳೇ ಮ್ಯಾಕ್ ಫೈಲುಗಳಲ್ಲಿ ಎಣಿಕೆ 1904ರಿಂದ ಶುರು. ಎರಡಕ್ಕೂ 1,462 ದಿನದ ಅಂತರ. ಈ ಅಂಕಿ ಆಮೇಲೆ ನನಗೆ ಸರಿಯಾಗಿ ಬಾರಿಸಿತು, ಹೇಳ್ತೀನಿ.

ಮೊದಲು ಸೋತ ಕಥೆಗಳು. 2017ರಲ್ಲಿ 'ಪ್ರೊ' ವರ್ಷನ್ ಮಾಡಿದೆ. ದೊಡ್ಡ ಫೈಲುಗಳನ್ನು ವೇಗವಾಗಿ ಓದುವ ಭಾಗ ಅದರಲ್ಲಿ ಮಾತ್ರ. ನಾಲ್ಕೋ ಐದೋ ಲೈಸೆನ್ಸ್ ಮಾರಾಟವಾದವು. ಅಷ್ಟರಲ್ಲಿ ಒಬ್ಬ ಹುಡುಗ ಅದೇ ಕೆಲಸ ಮಾಡುವ ಕೋಡ್ ಬರೆದು, ಸೇರಿಸಿಕೊಳ್ಳಿ ಅಂತ ಪುಲ್ ರಿಕ್ವೆಸ್ಟ್ ಕಳಿಸಿಬಿಟ್ಟ, ಉಚಿತ ವರ್ಷನ್‌ಗೆ. ನನ್ನದಕ್ಕಿಂತ ಚೆನ್ನಾಗಿತ್ತು, ಟೆಸ್ಟ್ ಕೂಡ ಬರೆದಿದ್ದ. ಮೂರು ವಾರ ನೋಡಿಯೂ ನೋಡದ ಹಾಗೆ ಕೂತಿದ್ದೆ. ಆ ಮೂರು ವಾರ ನೆನೆಸಿಕೊಂಡರೆ ಈಗಲೂ ನಾಚಿಕೆ. ಕೊನೆಗೆ ಮರ್ಜ್ ಮಾಡಿದೆ, ಪ್ರೊ ಸತ್ತಿತು, ದುಡ್ಡು ವಾಪಸ್ ಕೊಟ್ಟೆ.

ಮುಂದಿನ ವರ್ಷ ಲೈಸೆನ್ಸ್ ಬದಲಿಸಿದೆ. ಬಳಸುವವರು ತಮ್ಮ ಕೋಡನ್ನೂ ತೆರೆದಿಡಬೇಕಾಗಬಹುದಾದ ಎಜಿಪಿಎಲ್ ಹಾಕಿದರೆ ಕಂಪನಿಗಳು ಹೆದರಿ ಬೇರೆ ಲೈಸೆನ್ಸ್ ಕೊಳ್ಳುತ್ತವೆ ಅಂತ ಲೆಕ್ಕ. ಹೆದರಿದವು ನಿಜ. ಆದರೆ ಕೊಳ್ಳಲಿಲ್ಲ. ಕೊನೆಯ ಎಂಐಟಿ ರಿಲೀಸ್‌ಗೆ ಪಿನ್ ಮಾಡಿಕೊಂಡು, ಅಂದರೆ ಅದನ್ನೇ ಹಿಡಿದುಕೊಂಡು, ಸುಮ್ನೆ ಕೂತವು. ಯಾರೋ ಫೋರ್ಕ್ ಕೂಡ ಮಾಡಿದರು, ಅಂದರೆ ಹಳೇ ಕೋಡ್ ತೆಗೆದುಕೊಂಡು ಬೇರೆಯೇ ಪ್ರಾಜೆಕ್ಟ್ ಶುರುಮಾಡಿದರು. ನಾಲ್ಕು ತಿಂಗಳಿಗೆ ಎಂಐಟಿಗೇ ಹಿಂದೆ ಬಂದೆ. 2024ರಲ್ಲಿ ರೆಡಿಸ್ ಅನ್ನೋ ಡೇಟಾಬೇಸ್ ಲೈಸೆನ್ಸ್ ಬದಲಿಸಿ, ಹತ್ತು ದಿನದೊಳಗೆ ವಾಲ್ಕಿ ಫೋರ್ಕ್ ಹುಟ್ಟಿಕೊಂಡಾಗ ನನಗೇನೂ ಆಶ್ಚರ್ಯವಾಗಲಿಲ್ಲ.

2019ರಲ್ಲಿ, ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ದೇಣಿಗೆ ಪಡೆಯುವ ಗಿಟ್‌ಹಬ್ ಸ್ಪಾನ್ಸರ್ಸ್ ಬಂತು. ಬಟನ್ ಹಾಕಿದೆ. ತಿಂಗಳಿಗೆ ಸುಮಾರು 40 ಡಾಲರ್. ಕೊಡುತ್ತಿದ್ದವರೆಲ್ಲ ನಮ್ಮ ಹಾಗೇ ಸಂಬಳಕ್ಕೆ ದುಡಿಯುವ ಡೆವಲಪರ್‌ಗಳು. ಒಂದು ಕಂಪನಿಯೂ ಇಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಒಂದು ಜಾವಾಸ್ಕ್ರಿಪ್ಟ್ ಪ್ಯಾಕೇಜು ಇನ್‌ಸ್ಟಾಲ್ ಮಾಡುವಾಗ ಟರ್ಮಿನಲ್‌ನಲ್ಲಿ ಜಾಹೀರಾತು ತೋರಿಸಿತ್ತಲ್ಲ, ನಾನೂ ಅದನ್ನೇ ಮಾಡೋಣ ಅಂತ ಕೋಡ್ ಬರೆದಿಟ್ಟಿದ್ದೆ. ಜನ ಎಗರಾಡಿದ್ದು ನೋಡಿ, ಆ ಪ್ಯಾಕೇಜುಗಳನ್ನು ಹಂಚುವ ಎನ್‌ಪಿಎಂ ಅಂಥದ್ದನ್ನು ನಿಷೇಧಿಸಿದ್ದು ನೋಡಿ, ಬರೆದಿಟ್ಟ ಆ ಕೋಡನ್ನೇ ಅಳಿಸಿದೆ.

ದಾರಿ ತೋರಿಸಿದ್ದು ಪೈಥಾನ್ ಭಾಷೆಯ ಹಳೇ ಆವೃತ್ತಿ, ಪೈಥಾನ್ 2. ಅದರ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು. ನಾನೂ ಅದರ ಕೊನೆಯ ಆವೃತ್ತಿ 2.7 ಬಿಟ್ಟು ನನ್ನ ಲೈಬ್ರರಿಯ ವರ್ಷನ್ 2 ರಿಲೀಸ್ ಮಾಡಿದೆ. ಶುರುವಾಯಿತು ನೋಡಿ ಮೇಲ್‌ಗಳ ಮಳೆ. "ನಾವು ಈಗಲೇ ಬದಲಾಗೋಕೆ ಆಗಲ್ಲ, ವರ್ಷನ್ 1ರಲ್ಲಿ ಈ ಬಗ್ ಸರಿಮಾಡಿ." ಮೊದಮೊದಲು ಸಿಟ್ಟು ಬಂತು. ಆಮೇಲೆ ಒಂದು ಯೋಚನೆ ಹೊಳೆಯಿತು. ದೊಡ್ಡ ಲಿನಕ್ಸ್ ಕಂಪನಿಗಳು ದುಡ್ಡು ತೆಗೆದುಕೊಂಡು ಅದೇ 2.7ಕ್ಕೆ ಬೆಂಬಲ ಕೊಡುತ್ತಲೇ ಇದ್ದವು. ಅವರಿಗೆ ನಡೆಯುವುದು ನನಗ್ಯಾಕೆ ನಡೆಯಬಾರದು?

ಒಬ್ಬರಿಗೆ ಉತ್ತರ ಬರೆದೆ: ವರ್ಷಕ್ಕೆ ಇಷ್ಟು, ವರ್ಷನ್ 1ಕ್ಕೆ ಸೆಕ್ಯುರಿಟಿ ಫಿಕ್ಸ್ ಬ್ಯಾಕ್‌ಪೋರ್ಟ್ ಮಾಡಿ (ಹೊಸದರಿಂದ ಹಳೆಯದಕ್ಕೆ ಹೊಂದಿಸಿ) ಕೊಡ್ತೀನಿ, ಎರಡು ಕೆಲಸದ ದಿನದೊಳಗೆ ಉತ್ತರ. ಎರಡೇ ದಿನಕ್ಕೆ "ಇನ್‌ವಾಯ್ಸ್ ಕಳಿಸಿ" ಅಂತ ಬಂತು. ಅದೇ ಕಂಪನಿಯ ಡೆವಲಪರ್ ಹಿಂದಿನ ವರ್ಷವಿಡೀ ನನಗೆ ದೇಣಿಗೆ ಕೊಡಿಸಲು ಒದ್ದಾಡಿ ಸೋತಿದ್ದ! ಅಕೌಂಟ್ಸ್‌ನವರ ಪಟ್ಟಿಯಲ್ಲಿ ದೇಣಿಗೆ ಅನ್ನೋ ಕಾಲಂ ಇರಲಿಲ್ಲ. ಸಪೋರ್ಟ್ ಅನ್ನೋ ಕಾಲಂ ಇತ್ತು. ಅಷ್ಟೇ ವ್ಯತ್ಯಾಸ.

ಸುಲಭ ಅಂದುಕೊಳ್ಳಬೇಡಿ. ಎರಡನೇ ಗಿರಾಕಿ ಹದಿನೈದು ಪುಟದ ಕರಾರು ಕಳಿಸಿದ. ಓದದೆ ಸಹಿ ಹಾಕಿದೆ. ಏನೇ ನಷ್ಟವಾದರೂ ಮಿತಿಯಿಲ್ಲದೆ ನಾನೇ ಹೊಣೆ ಅನ್ನೋ ಸಾಲು ಅದರಲ್ಲಿತ್ತು. ವಕೀಲರೊಬ್ಬರಿಗೆ ತೋರಿಸಿದಾಗ ಅವರ ಮುಖ ನೋಡಬೇಕಿತ್ತು. ಆ ವರ್ಷ ದೇವರ ದಯೆಯಿಂದ ಏನೂ ಆಗಲಿಲ್ಲ. ಈಗ ನನ್ನ ಹೊಣೆಯ ಮೊತ್ತ ವರ್ಷದ ಶುಲ್ಕ ಮೀರಬಾರದು ಅಂತ ನಾನೇ ಸೇರಿಸುತ್ತೇನೆ, ಒಪ್ಪದಿದ್ದರೆ ಬಿಡುತ್ತೇನೆ. ದುಡ್ಡು ಬರೋದು 30 ದಿನಕ್ಕೆ ಅಂತ ಬರೆದಿರುತ್ತದೆ, ಬರೋದು 90ಕ್ಕೆ. ಕೆಲಸ ಬಿಟ್ಟ ಮೊದಲ ವರ್ಷ, 2021ರಲ್ಲಿ, ಹಳೇ ಸಂಬಳದ ಮೂರನೇ ಒಂದು ಭಾಗವೂ ಹುಟ್ಟಲಿಲ್ಲ. ಎರಡನೇ ವರ್ಷ ಅರ್ಧದಷ್ಟು. ಹಳೇ ಸಂಬಳ ದಾಟಿದ್ದು ಮೂರನೇ ವರ್ಷ. ಕೈಯಲ್ಲಿ ಒಂದೂವರೆ ವರ್ಷದ ಖರ್ಚಿನ ದುಡ್ಡು ಇಲ್ಲದಿದ್ದರೆ ಈ ಸಾಹಸ ಬೇಡ.

ಎರಡನೇ ವರ್ಷ ಗಳಿಕೆ ಅರ್ಧದಷ್ಟಕ್ಕೆ ಏರಿದ್ದು, ಜಾವಾ ಪ್ರೋಗ್ರಾಂಗಳು ಬಳಸುವ ಲಾಗ್4ಜೆ ಅನ್ನೋ ಲೈಬ್ರರಿಯ ಬಗ್ ರಗಳೆಯ ಮೇಲೆ. 2021ರ ಡಿಸೆಂಬರ್‌ನಲ್ಲಿ ಆ ಬಗ್ ಹೊರಬಿದ್ದ ಮೇಲೆ ಕಂಪನಿಗಳು ಯಾರ್ಯಾರ ಕೋಡ್ ಬಳಸ್ತಿದ್ದೀವಿ ಅಂತ ಪಟ್ಟಿ ಮಾಡತೊಡಗಿದವು. ನನಗೂ ಉದ್ದುದ್ದ ಪ್ರಶ್ನಾವಳಿ ಬಂದವು, 24 ಗಂಟೆಯಲ್ಲಿ ಉತ್ತರಿಸಿ ಅಂತ. ನನ್ನ ಲೈಬ್ರರಿಗೂ ಜಾವಾಕ್ಕೂ ಸಂಬಂಧವೇ ಇಲ್ಲ! ಇಂಟರ್ನೆಟ್ ಮೂಲಕ ಡೇಟಾ ಸಾಗಿಸುವ ಕರ್ಲ್ ಬರೆದ ಡೇನಿಯಲ್ ಸ್ಟೆನ್‌ಬರ್ಗ್‌ಗೂ ಇಂಥದ್ದೇ ಮೇಲ್ ಬಂದಿತ್ತು, ಅವರದ್ದು ಸಿ ಭಾಷೆಯಲ್ಲಿ ಬರೆದ ಪ್ರಾಜೆಕ್ಟ್. ನಾನು ಜಗಳಕ್ಕೆ ಹೋಗದೆ ಬೆಲೆಪಟ್ಟಿ ಕಳಿಸಿದೆ. ಮೂವರು ಸಿಕ್ಕಿದರು.

ಇನ್ನು ಮೊದಲು ಹೇಳಿದ 1,462 ದಿನದ ಕಥೆ. ವರ್ಷನ್ 1ಕ್ಕೆ ಒಂದು ಫಿಕ್ಸ್ ಹಾಕುವಾಗ 1904ರ ತಿದ್ದುಪಡಿಯನ್ನು ಎರಡು ಕಡೆ ಮಾಡಿಬಿಟ್ಟೆ. ಆ ಬಗೆಯ ಫೈಲುಗಳ ತಾರೀಖೆಲ್ಲ ನಾಲ್ಕು ವರ್ಷ ಒಂದು ದಿನ ಮುಂದಕ್ಕೆ ಹಾರಿದವು. ಹೊಸ ಫೈಲುಗಳಷ್ಟೇ ಇದ್ದ ಟೆಸ್ಟುಗಳೆಲ್ಲ ಪಾಸ್. ಒಬ್ಬ ಗಿರಾಕಿಯ ಸಿಬ್ಬಂದಿ ಪಟ್ಟಿಯಲ್ಲಿ ಎಲ್ಲರ ವಯಸ್ಸೂ ನಾಲ್ಕು ವರ್ಷ ಇಳಿಯಿತು. ಅವರೇನೂ ಬೇಜಾರಾಗಿರಲಿಕ್ಕಿಲ್ಲ, ನಾನು ಮಾತ್ರ ರಾತ್ರಿಯಿಡೀ ಕೂತು ರಿಲೀಸ್ ಹಿಂದೆ ತೆಗೆದೆ. ಕರಾರು ಉಳಿಯಿತು. ಅವತ್ತಿನಿಂದ ಗಿರಾಕಿಗಳು ಕೊಟ್ಟ ವಿಚಿತ್ರ ಫೈಲುಗಳನ್ನೆಲ್ಲ ಹೆಸರು ಅಳಿಸಿ ಟೆಸ್ಟಿಗೆ ಸೇರಿಸುತ್ತಿದ್ದೇನೆ. 600 ದಾಟಿರಬೇಕು. ಈ ಫೋಲ್ಡರ್ ಒಂದನ್ನು ಮಾತ್ರ ಯಾರಿಗೂ ಕೊಡಲ್ಲ.

ಎಲ್ಲರೂ ಕೇಳುವ ಪ್ರಶ್ನೆ: ಎಂಐಟಿ ಅಲ್ವಾ, ಒಬ್ಬ ಗಿರಾಕಿ ಫಿಕ್ಸ್ ತೆಗೆದುಕೊಂಡು ಹೊರಗೆ ಹಾಕಿದರೆ? ಹಾಕಬಹುದು, ನಾನು ತಡೆಯೋಕಾಗಲ್ಲ. ಇಷ್ಟು ವರ್ಷದಲ್ಲಿ ಒಬ್ಬರೂ ಹಾಕಿಲ್ಲ. ಅವರಿಗೆ ಬೇಕಿರೋದು ಪ್ಯಾಚ್ ಅಲ್ಲ, ಫೋನ್ ಎತ್ತುವ ಮನುಷ್ಯ. ಹಳೇ ವರ್ಷನ್ ಬಳಸುವವರು ಸಿಗೋದು ಹೇಗೆ ಅಂತಲೂ ಕೇಳ್ತಾರೆ. ಪೈಥಾನ್ ಲೈಬ್ರರಿಗಳನ್ನು ಹಂಚುವ ತಾಣ ಪೈಪಿಐನ ಡೌನ್‌ಲೋಡ್ ಅಂಕಿ ಗೂಗಲ್‌ನ ಡೇಟಾ ಸೇವೆ ಬಿಗ್‌ಕ್ವೆರಿಯಲ್ಲಿದೆ, ಯಾವ ಪೈಥಾನ್ ಅನ್ನೋದೂ ಗೊತ್ತಾಗುತ್ತದೆ. ಕಂಪನಿ ಹೆಸರು ಇರಲ್ಲ. ಅಲ್ಲಿಂದ ಹೆಸರಿನವರೆಗೆ ನಾನು ಹೋದ ದಾರಿ ನನ್ನ ಹತ್ತಿರವೇ ಇರಲಿ. ಕಳ್ಳದಾರಿ ಅಲ್ಲ, ಅಷ್ಟು ಹೇಳಬಲ್ಲೆ.

ಒಂದು ಭಯ ಮಾತ್ರ ಉಳಿದಿದೆ. ತುಂಬಾ ದಣಿದಿದ್ದಾಗ ಒಬ್ಬ ಅಪರಿಚಿತನಿಗೆ ಲೈಬ್ರರಿಗೆ ನೇರವಾಗಿ ಕೋಡ್ ಸೇರಿಸುವ ಪುಶ್ ಹಕ್ಕು ಕೊಟ್ಟಿದ್ದೆ. ಒಳ್ಳೆಯವನೇ, ಈಗಲೂ ಜೊತೆಗಿದ್ದಾನೆ. ಆದರೆ 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಅನ್ನೋ ಫೈಲ್ ಕುಗ್ಗಿಸುವ ಸಾಫ್ಟ್‌ವೇರಿನಲ್ಲಿ, ನಂಬಿಕೆ ಗಳಿಸಿದ ಅಪರಿಚಿತನೊಬ್ಬ ಸೇರಿಸಿದ್ದ ಬ್ಯಾಕ್‌ಡೋರ್ (ಕಳ್ಳಬಾಗಿಲು) ಸಿಕ್ಕಿಬಿತ್ತಲ್ಲ, ಅದೂ ಲಾಗಿನ್ ಅರ್ಧ ಸೆಕೆಂಡ್ ನಿಧಾನ ಅಂತ ಯಾರೋ ಕೆದಕಿದ್ದಕ್ಕೆ, ಅವತ್ತು ಅವನು ಸೇರಿಸಿದ್ದ ಹಳೇ ಬದಲಾವಣೆಗಳನ್ನೆಲ್ಲ ಒಂದೊಂದಾಗಿ ಓದಿದೆ. ಅವನಿಗೆ ಹೇಳಿಯೇ ಓದಿದೆ. "ನಾನೂ ನಿಮ್ಮದನ್ನು ಓದ್ತಿದ್ದೀನಿ" ಅಂದ.

ಮೊನ್ನೆ ಒಂದು ಕಂಪನಿಯಿಂದ ಮೇಲ್ ಬಂದಿದೆ. ವರ್ಷನ್ 3 ಬಂದ ಮೇಲೆ ವರ್ಷನ್ 2ಕ್ಕೂ ಹೀಗೇ ಬೆಂಬಲ ಕೊಡ್ತೀರಾ, ಎಷ್ಟಾಗುತ್ತೆ ಅಂತ. ವರ್ಷನ್ 3ರ ಮೊದಲ ಸಾಲನ್ನೂ ನಾನಿನ್ನೂ ಬರೆದಿಲ್ಲ.